ಅಡುಗೆಯವನ ಕೈಗೆ ಸಿಕ್ಕ ಊರು

ಮಗಳ ಬಾಣಂತನಕ್ಕೆಂದು 2023ರ ಬೇಸಿಗೆ ರಜೆಗೆ ಗಳಿಕೆ ರಜೆಯನ್ನೂ ಸೇರಿಸಿಕೊಂಡು ಅಮೆರಿಕಕ್ಕೆ ಹೋಗಿದ್ದೆ. ಅವಳಿರುವ ಊರು ಮಿಲ್ವಾಕೀ. ವಿಸ್ಕಾನ್ಸಿನ್ ರಾಜ್ಯದಲ್ಲಿ, ಮಿಶಿಗನ್ ಸರೋವರದ ದಡದಲ್ಲಿದೆ. ಸರೋವರವೆಂದರೆ ನಮ್ಮ ಕಡೆಯ ಕೆರೆಯ ಹಾಗೆ ಅಂದುಕೊಂಡು ಹೋಗಿದ್ದೆ. ನೋಡಿದರೆ ಆಚೆ ದಡವೇ ಇಲ್ಲ! ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡು, ಉಪ್ಪಿಲ್ಲವೆಂದು ಖಾತ್ರಿಯಾದ ಮೇಲೇ ಅದು ಸಮುದ್ರವಲ್ಲವೆಂದು ನಂಬಿದ್ದು.

ಮೇ ತಿಂಗಳ ಒಂದು ಬೆಳಿಗ್ಗೆ ಬಿಸಿಲು ಕಂಡಿತೆಂದು ಮಗುವಿನ ಬಟ್ಟೆಗಳನ್ನು ಹಿತ್ತಲಿಗೆ ತಂದು ಕುರ್ಚಿಯ ಮೇಲೆ ಹರವುತ್ತಿದ್ದೆ. ಪಕ್ಕದ ಮನೆಯ ಅಜ್ಜಿ ಒಂದು ಚೀಲದಿಂದ ಕಂದು ಬಣ್ಣದ ಕಾಳಿನಂಥದ್ದೇನನ್ನೋ ತಮ್ಮ ಹುಲ್ಲುಹಾಸಿನ ಮೇಲೆ ಚೆಲ್ಲುತ್ತಿದ್ದರು. ಎಂಬತ್ತು ದಾಟಿದ ವಯಸ್ಸು, ಆದರೂ ಬೆನ್ನು ಬಾಗಿಲ್ಲ. ಗಾಳಿ ನಮ್ಮ ಕಡೆಗೆ ತಿರುಗಿತು ನೋಡಿ, ಮೂಗು ಮುಚ್ಚುವ ಹಾಗಾಯಿತು.

"ಎಂಥದೇ ಇದು ವಾಸನೆ?" ಎಂದು ಒಳಗಿದ್ದ ಮಗಳನ್ನು ಕೇಳಿದೆ.

"ಗೊಬ್ಬರ ಅಮ್ಮಾ. ಮಿಲಾರ್ಗನೈಟ್ ಅಂತ. ಈ ಊರಿನ ಚರಂಡಿ ನೀರಿನಿಂದ ಮಾಡ್ತಾರೆ."

ಚರಂಡಿ ಎಂದದ್ದೇ ತಡ, ನಾನು ಮಗುವಿನ ಬಟ್ಟೆಯನ್ನೆಲ್ಲ ಬಾಚಿಕೊಂಡು ಒಳಗೋಡಿದೆ. ಅಜ್ಜಿಗೆ ಅರ್ಥವಾಗಿರಬೇಕು, ಜೋರಾಗಿ ನಕ್ಕರು. ಸಂಜೆ ಬೇಲಿಯ ಹತ್ತಿರ ನಿಂತು ತಾವೇ ಮಾತು ತೆಗೆದರು. ಈ ಗೊಬ್ಬರ ಡೇನಿಯಲ್ ಹೋನ್ ಮೇಯರ್ ಆಗಿದ್ದ ಕಾಲದಿಂದ ಬಂದದ್ದಂತೆ. ಅವರೂ ಅವರ ಜೊತೆಯವರೂ ಸಮಾಜವಾದಿಗಳಂತೆ. ಜನ ಅವರನ್ನು "ಚರಂಡಿ ಸಮಾಜವಾದಿಗಳು" ಎನ್ನುತ್ತಿದ್ದರಂತೆ. ಅಜ್ಜಿಯ ತಂದೆ ಪ್ರತಿ ಸಲವೂ ಅವರಿಗೇ ಓಟು ಹಾಕುತ್ತಿದ್ದರಂತೆ.

ಅಮೆರಿಕದಲ್ಲಿ ಸಮಾಜವಾದಿ ಮೇಯರ್! ನಾನು ಇಪ್ಪತ್ತೆಂಟು ವರ್ಷದಿಂದ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತಿರುವವಳು. ಇದು ನನಗೆ ಗೊತ್ತಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಸಮಾಜವಾದ ಮತ್ತು ಚರಂಡಿ ಎಂಬ ಎರಡು ಮಾತು ಒಟ್ಟಿಗೆ ಕಿವಿಗೆ ಬಿದ್ದದ್ದು ನನ್ನನ್ನು ನಲವತ್ತು ವರ್ಷ ಹಿಂದಕ್ಕೆ ಎಳೆದುಕೊಂಡು ಹೋಯಿತು.

ನಮ್ಮ ಅಪ್ಪಯ್ಯ ಸಮಾಜವಾದಿ. 1951ರಲ್ಲಿ ಕಾಗೋಡಿನಲ್ಲಿ ಗೇಣಿದಾರರ ಸತ್ಯಾಗ್ರಹವಾದಾಗ ಅವರಿಗೆ ಹದಿನೆಂಟು ವರ್ಷ. ಲೋಹಿಯಾ ಅವರನ್ನು ಕಂಡದ್ದು, ಶಾಂತವೇರಿ ಗೋಪಾಲಗೌಡರ ಭಾಷಣ ಕೇಳಿದ್ದು ಇದನ್ನೆಲ್ಲ ಕೊನೆಯವರೆಗೂ ಹೇಳುತ್ತಿದ್ದರು. ಊರಿನಲ್ಲಿ ಒಂದು ಪುಟ್ಟ ಮುದ್ರಣಾಲಯ ಇಟ್ಟುಕೊಂಡಿದ್ದರು. ಲಗ್ನಪತ್ರಿಕೆ ಅಚ್ಚು ಹಾಕಿ ಬಂದ ದುಡ್ಡು ಚಳವಳಿಯ ಕರಪತ್ರಕ್ಕೆ ಹೋಗುತ್ತಿತ್ತು. ಮನೆಯ ಮುಂದೆ ಸದಾ ಚಪ್ಪಲಿಗಳ ಸಾಲು. ಒಳಗೆ ಅಮ್ಮ ಎಷ್ಟು ಲೋಟ ಕಾಫಿ ಸೋಸಿದಳೋ ಲೆಕ್ಕವಿಟ್ಟವರಿಲ್ಲ.

ಆ ಕಾಫಿಗೆ ನೀರು ಬರುತ್ತಿದ್ದುದು ಬೀದಿಯ ಕೊನೆಯ ನಲ್ಲಿಯಿಂದ. ರಾತ್ರಿ ಎರಡಕ್ಕೋ ಮೂರಕ್ಕೋ ನೀರು ಬಿಟ್ಟರೆ ಅಮ್ಮ ಕೊಡ ಹಿಡಿದು ಹೋಗಿ ಸಾಲಿನಲ್ಲಿ ನಿಲ್ಲುತ್ತಿದ್ದಳು. ಆ ನಲ್ಲಿಗೆ ಬರುವ ಪೈಪು ಚರಂಡಿಯೊಳಗೇ ಹಾದು ಬರುತ್ತಿತ್ತು. ನಾನು ಎಸ್ಸೆಸ್ಸೆಲ್ಸಿಯಲ್ಲಿದ್ದ ವರ್ಷ ಮಳೆಗಾಲದಲ್ಲಿ ನಮ್ಮ ಬೀದಿಯಲ್ಲಿ ಮನೆಗೊಬ್ಬರಂತೆ ಟೈಫಾಯ್ಡ್ ಮಲಗಿದರು. ನಾನೂ ಮಲಗಿದೆ. ತಲೆಗೂದಲೆಲ್ಲ ಉದುರಿತು, ಒಂದು ವರ್ಷ ಓದು ಹೋಯಿತು. ಅಪ್ಪಯ್ಯ ಆಗ ಯಾವುದೋ ಜಾಥಾದಲ್ಲಿದ್ದರು. ಆರನೆಯ ದಿನ ಮನೆಗೆ ಬಂದು ನನ್ನ ಹಣೆ ಮುಟ್ಟಿ ನೋಡುತ್ತಿದ್ದಾಗ ಅಮ್ಮ ಕೇಳಿದಳು, "ನಿಮ್ಮ ಸಮಾಜವಾದ ಬಂದ ಮೇಲೆ ನಲ್ಲೀಲಿ ಒಳ್ಳೇ ನೀರು ಬರುತ್ತಾ? ಅಷ್ಟು ಹೇಳಿ ನನಗೆ."

ಅಪ್ಪಯ್ಯ ಏನೂ ಹೇಳಲಿಲ್ಲ. ದೊಡ್ಡ ದೊಡ್ಡ ಸಭೆಯಲ್ಲಿ ಮಾತಾಡುವ ಮನುಷ್ಯ ಅಂದು ಸುಮ್ಮನೆ ಎದ್ದು ಹೊರಗೆ ಹೋದದ್ದು ನನಗೆ ಜ್ವರದ ಮಂಪರಿನಲ್ಲೂ ನೆನಪಿದೆ. ಮುಂದೆ ಒಮ್ಮೆ ಪುರಸಭೆಯ ಚುನಾವಣೆಗೆ ನಿಂತರು, ಸೋತರು. ಈಗ ಇಬ್ಬರೂ ಇಲ್ಲ. ಆದರೆ ಆ ಪ್ರಶ್ನೆ ಮಾತ್ರ ನನ್ನ ಹತ್ತಿರ ಉಳಿದುಬಿಟ್ಟಿದೆ.

ಹಾಗಾಗಿ ಈ ಹೋನ್ ಯಾರೆಂದು ತಿಳಿಯದೆ ಬಿಡುವ ಹಾಗಿರಲಿಲ್ಲ. ಮಗು ಮಲಗಿದ ಮಧ್ಯಾಹ್ನಗಳಲ್ಲಿ ಅಳಿಯಂದಿರು ನನ್ನನ್ನು ಊರಿನ ಗ್ರಂಥಾಲಯಕ್ಕೆ ಬಿಟ್ಟು ಬರುತ್ತಿದ್ದರು. ಅಲ್ಲಿ ಓದಿದ್ದನ್ನು ನನಗೆ ದಕ್ಕಿದಷ್ಟು ಹೇಳುತ್ತೇನೆ.

ಡೇನಿಯಲ್ ವೆಬ್‌ಸ್ಟರ್ ಹೋನ್ ಹುಟ್ಟಿದ್ದು 1881ರಲ್ಲಿ, ಮಿಲ್ವಾಕೀಗೆ ಹತ್ತಿರದ ವಾಕೆಶಾ ಎಂಬ ಊರಿನಲ್ಲಿ. ಬಡತನದ ಮನೆ. ಹುಡುಗ ಶಾಲೆ ಬಿಟ್ಟು ಹೋಟೆಲಿನ ಅಡುಗೆಮನೆ ಸೇರಿದ. ಪಾತ್ರೆ ತೊಳೆಯುವುದರಿಂದ ಹಿಡಿದು ಅಡುಗೆಯವರೆಗೆ ಎಲ್ಲ ಕೆಲಸವನ್ನೂ ಕಲಿತ. ಬಿಟ್ಟ ಓದನ್ನು ಮತ್ತೆ ಹಿಡಿದು, ಅಡುಗೆ ಮಾಡಿಕೊಂಡೇ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಓದಿ 1905ರಲ್ಲಿ ಪದವಿ ಪಡೆದ. ಆಮೇಲೆ ಶಿಕಾಗೋದಲ್ಲಿ ಕಾನೂನು ಓದಿದ. ಆ ಓದಿನ ಖರ್ಚಿಗೂ ಅಡುಗೆಯ ಕೈಯೇ ದುಡಿಯಿತು. ಇದನ್ನು ಓದುವಾಗ ನನಗೆ ಸಣ್ಣಗೆ ನಗು ಬಂತು. ನಾವು ಹೆಂಗಸರು ಅಡುಗೆ ಮಾಡಿಕೊಂಡೇ ಬಿ.ಎ., ಬಿ.ಎಡ್. ಮುಗಿಸಿದವರು. ಒಬ್ಬ ಮೇಯರೂ ನಮ್ಮ ಜಾತಿಯವನೇ ಎಂದು ಗೊತ್ತಾದರೆ ಸಂತೋಷವಾಗುವುದಿಲ್ಲವೇ?

1908ರಲ್ಲಿ ಹೋನ್ ಮಿಲ್ವಾಕೀಗೆ ಬಂದು ಕಾರ್ಮಿಕ ಸಂಘಗಳ ವಕೀಲರಾದರು. ಅದು ಜರ್ಮನಿಯಿಂದ ಬಂದ ಕುಶಲಕರ್ಮಿಗಳ ಊರು. ಬಿಯರ್ ಕಾರ್ಖಾನೆ, ಚರ್ಮದ ಕಾರ್ಖಾನೆ, ಯಂತ್ರದ ಕಾರ್ಖಾನೆಗಳು. ಜೊತೆಗೆ ಲಂಚಕ್ಕೂ ಹೆಸರಾದ ಊರು. ಜನ ರೋಸಿಹೋಗಿ 1910ರಲ್ಲಿ ಎಮಿಲ್ ಸೈಡೆಲ್ ಎಂಬ ಮರಗೆಲಸದ ಸಮಾಜವಾದಿಯನ್ನು ಮೇಯರ್ ಮಾಡಿದರು. ಅಮೆರಿಕದ ಯಾವುದೇ ದೊಡ್ಡ ನಗರಕ್ಕೆ ಸಮಾಜವಾದಿ ಮೇಯರ್ ಬಂದದ್ದು ಅದೇ ಮೊದಲು. ಅದೇ ಚುನಾವಣೆಯಲ್ಲಿ ಹೋನ್ ನಗರದ ವಕೀಲರಾಗಿ ಗೆದ್ದರು. ಎರಡೇ ವರ್ಷಕ್ಕೆ ಉಳಿದ ಎರಡು ದೊಡ್ಡ ಪಕ್ಷಗಳು ಒಂದಾಗಿ ಸೈಡೆಲ್ ಅವರನ್ನು ಸೋಲಿಸಿದವು. ಹೋನ್ ಮಾತ್ರ ತಮ್ಮ ಜಾಗದಲ್ಲಿ ಉಳಿದು, ಟ್ರಾಮ್ ಓಡಿಸುವ ಬಲಾಢ್ಯ ಕಂಪೆನಿಯ ಮೇಲೆ ನಗರದ ಪರವಾಗಿ ಮೊಕದ್ದಮೆ ಹೂಡುತ್ತ ಹೆಸರು ಮಾಡಿದರು. 1916ರಲ್ಲಿ ಮೇಯರ್ ಚುನಾವಣೆಗೆ ನಿಂತು ಗೆದ್ದರು. ಆಗ ಅವರಿಗೆ 35 ವರ್ಷ. ಅಲ್ಲಿಂದ ಏಳು ಚುನಾವಣೆ ಗೆದ್ದು, 1940ರವರೆಗೆ, ಇಪ್ಪತ್ತನಾಲ್ಕು ವರ್ಷ ಅದೇ ಕುರ್ಚಿಯಲ್ಲಿದ್ದರು.

ಇಪ್ಪತ್ತನಾಲ್ಕು ವರ್ಷ ಎಂದರೆ ಅಧಿಕಾರವೆಲ್ಲ ಕೈಯಲ್ಲಿತ್ತೆಂದು ತಿಳಿಯಬಾರದು. ಅಷ್ಟೂ ವರ್ಷದಲ್ಲಿ ನಗರಸಭೆಯಲ್ಲಿ ಅವರ ಪಕ್ಷಕ್ಕೆ ಒಮ್ಮೆಯೂ ಬಹುಮತವಿರಲಿಲ್ಲ. ತುಂಬಿದ ಮನೆಗೆ ಸೊಸೆಯಾಗಿ ಬಂದವಳ ಸ್ಥಿತಿ. ಬೀಗದಕೈ ಬೇರೆಯವರ ಸೊಂಟದಲ್ಲಿ, ಊಟದ ಹೊಣೆ ಮಾತ್ರ ನಮ್ಮದು! ಹೋನ್ ಲೆಕ್ಕ ತೆಗೆದು ತೋರಿಸಿ, ಪತ್ರಿಕೆಗೆ ಹೇಳಿ, ಜನರ ಎದುರಿಗೆ ಇಟ್ಟು, ಹಟ ಹಿಡಿದು ಕೆಲಸ ಮಾಡಿಸಿದರು. ಪೆನ್ಸಿಲಿನಿಂದ ಹಿಡಿದು ಕಲ್ಲಿದ್ದಲಿನವರೆಗೆ ಪ್ರತಿ ಇಲಾಖೆಯವರೂ ತಮಗೆ ಬೇಕಾದವರ ಹತ್ತಿರ ಕೊಳ್ಳುವ ಪದ್ಧತಿ ಹೋಗಿ ಒಂದೇ ಕಡೆ ಟೆಂಡರ್ ಕರೆದು ಕೊಳ್ಳುವ ಪದ್ಧತಿ ಗಟ್ಟಿಯಾಯಿತು. ಮೊದಲ ಮಹಾಯುದ್ಧ ಮುಗಿದು ಬೆಲೆಗಳು ಆಕಾಶಕ್ಕೇರಿದಾಗ, ಸೈನ್ಯದಲ್ಲಿ ಮಿಕ್ಕಿದ್ದ ಡಬ್ಬಿ ಆಹಾರವನ್ನು ನಗರಾಡಳಿತದಿಂದಲೇ ಕೊಂಡು ಲಾಭವಿಲ್ಲದೆ ಜನರಿಗೆ ಮಾರಿಸಿದರು. ಅಡುಗೆಮನೆಯಲ್ಲಿ ಬೆಳೆದವನಿಗೆ ದಿನಸಿಯ ಬೆಲೆ ಗೊತ್ತಿರುತ್ತದೆ.

1919ರಲ್ಲಿ ಬೆಲ್ಜಿಯಂ ದೇಶದ ರಾಜ ರಾಣಿ ಅಮೆರಿಕ ಪ್ರವಾಸಕ್ಕೆ ಬಂದರು. ಊರಿಗೆ ಅವರನ್ನು ಆಹ್ವಾನಿಸಿ ಎಂದು ಮೇಯರರನ್ನು ಕೇಳಿದರು. ತಾನು ದುಡಿಯುವವನ ಪಕ್ಷ, ರಾಜರಿಗೆ ತನ್ನಲ್ಲಿ ಕೆಲಸವಿಲ್ಲ ಎಂದು ಹೋನ್ ಖಡಾಖಂಡಿತವಾಗಿ ಹೇಳಿಬಿಟ್ಟರಂತೆ. ಹೇಳಿದ ಮಾತು ಇಷ್ಟು ನಯವಾಗಿರಲಿಲ್ಲ. ದೇಶವೆಲ್ಲ ಗದ್ದಲವಾಯಿತು. ಮರು ವರ್ಷ ಜನ ಅವರನ್ನೇ ಮತ್ತೆ ಗೆಲ್ಲಿಸಿದರು. ಅಪ್ಪಯ್ಯ ಇದನ್ನು ಕೇಳಿದ್ದರೆ ಎದ್ದು ಕುಣಿಯುತ್ತಿದ್ದರು.

ಈಗ ಚರಂಡಿಯ ವಿಷಯ. ಮಿಲ್ವಾಕೀ ಜನ ಕುಡಿಯುವುದು ಮಿಶಿಗನ್ ಸರೋವರದ ನೀರು. ಆದರೆ ಊರಿನ ಕೊಳಚೆಯೂ ನದಿಗಳ ಮೂಲಕ ಅದೇ ಸರೋವರಕ್ಕೆ ಹೋಗಿ ಬೀಳುತ್ತಿತ್ತು. ಬಿಟ್ಟದ್ದನ್ನೇ ಕುಡಿಯುವುದು. ಟೈಫಾಯ್ಡ್ ಬಾರದೆ ಇನ್ನೇನು ಬರುತ್ತದೆ? 1913ರಲ್ಲಿ ಒಳಚರಂಡಿಗೆಂದೇ ಒಂದು ಆಯೋಗವಾಯಿತು. ಹೋನ್ ಅವರ ಕಾಲದಲ್ಲಿ, 1925ರಲ್ಲಿ, ಬಂದರಿನ ಬಳಿಯ ಜೋನ್ಸ್ ಐಲೆಂಡಿನಲ್ಲಿ ಕೊಳಚೆ ಶುದ್ಧಿ ಮಾಡುವ ದೊಡ್ಡ ಸ್ಥಾವರ ಶುರುವಾಯಿತು. ಕೊಳಚೆ ನೀರಿಗೆ ಗಾಳಿ ಊದುತ್ತಾರೆ. ಗಾಳಿ ಸಿಕ್ಕಿದ ಸೂಕ್ಷ್ಮಜೀವಿಗಳು ಹೊಲಸನ್ನು ತಿಂದು ಬೆಳೆದು ತಳಕ್ಕೆ ಕೂರುತ್ತವೆ. ತಿಳಿನೀರನ್ನು ಆಚೆ ಬಿಟ್ಟು, ತಳದ ರಾಡಿಯನ್ನು ಸೋಸಿ, ಭಾರಿ ಬಿಸಿಯಲ್ಲಿ ಒಣಗಿಸಿದರೆ ಕಂದು ಕಾಳು ಸಿದ್ಧ. 1926ರಿಂದ ಅದನ್ನು ಗೊಬ್ಬರವೆಂದು ಮಾರತೊಡಗಿದರು. ಇಂದಿಗೂ ಮಾರುತ್ತಿದ್ದಾರೆ. ನಮ್ಮ ಹಿತ್ತಲಿನ ಗೊಬ್ಬರಗುಂಡಿಯನ್ನೇ ಒಂದು ಊರಿನಷ್ಟು ದೊಡ್ಡದು ಮಾಡಿದರೆ ಹೇಗೋ ಹಾಗೆ.

ಇದೆಲ್ಲ ಹೋನ್ ಒಬ್ಬರ ಕೈಯ ಕೆಲಸವಲ್ಲ. ಎಂಜಿನಿಯರುಗಳು, ವೈದ್ಯರು, ಸುಧಾರಣೆ ಬಯಸಿದ ಇತರ ಪಕ್ಷದವರು ಎಲ್ಲರೂ ಇದ್ದರು. ಆದರೆ ಊರಿನ ದುಡ್ಡು ಕದಿಯದೆ, ಒಳ್ಳೆಯ ಕೆಲಸಗಾರರನ್ನು ಓಡಿಸದೆ ಇಷ್ಟು ವರ್ಷ ಬೆನ್ನಿಗೆ ನಿಂತ ಒಬ್ಬರು ಮೇಲೆ ಇದ್ದರು ಎನ್ನುವುದು ಸಣ್ಣ ಮಾತಲ್ಲ. 1930ರ ದಶಕದಲ್ಲಿ ಅಮೆರಿಕದ ದೊಡ್ಡ ನಗರಗಳ ಆರೋಗ್ಯ ಸ್ಪರ್ಧೆಯಲ್ಲಿ ಮಿಲ್ವಾಕೀ ಹಲವು ಸಲ ಮೊದಲ ಬಹುಮಾನ ಪಡೆಯಿತು. 1939ರಲ್ಲಿ ಕುಡಿಯುವ ನೀರನ್ನು ಸೋಸುವ ಸ್ಥಾವರವೂ ಬಂತು.

ಆ ಪಕ್ಷದ ಹೆಂಗಸರೂ ಸುಮ್ಮನಿರಲಿಲ್ಲ. ಪಕ್ಷದ ಹಿರಿಯ ನಾಯಕ ವಿಕ್ಟರ್ ಬರ್ಗರ್ ಅವರ ಹೆಂಡತಿ ಮೆಟಾ ಬರ್ಗರ್ ಮದುವೆಗೆ ಮುಂಚೆ ನಮ್ಮ ಹಾಗೆ ಶಾಲೆಯ ಮೇಡಂ. 1909ರಲ್ಲಿ ನಗರದ ಶಾಲಾ ಮಂಡಳಿಗೆ ಆರಿಸಿ ಬಂದು ಮೂವತ್ತು ವರ್ಷ ಅಲ್ಲಿ ಕೆಲಸ ಮಾಡಿದರು. ದೇಶದ ಎಲ್ಲ ಹೆಂಗಸರಿಗೂ ಮತದಾನದ ಹಕ್ಕನ್ನು ಸಂವಿಧಾನ ಕೊಟ್ಟದ್ದು 1920ರಲ್ಲಿ ಎಂಬುದನ್ನು ನೆನೆದರೆ ಇದರ ಬೆಲೆ ತಿಳಿಯುತ್ತದೆ.

ಎಲ್ಲವೂ ಅಂದುಕೊಂಡ ಹಾಗೆ ಆಗಲಿಲ್ಲ. ಕಾರ್ಮಿಕರಿಗೆಂದು 'ಗಾರ್ಡನ್ ಹೋಮ್ಸ್' ಎಂಬ ಹೆಸರಿನಲ್ಲಿ 1921ರಲ್ಲಿ ಶುರುಮಾಡಿ 105 ಮನೆ ಕಟ್ಟಿಸಿದರು. ಮನೆ ಯಾರೊಬ್ಬರ ಸ್ವಂತವೂ ಅಲ್ಲ, ಎಲ್ಲರೂ ಸೇರಿದ ಸಹಕಾರಿ ಸಂಸ್ಥೆಯದು ಎಂಬ ಏರ್ಪಾಡು. ನಗರಾಡಳಿತ ಮುಂದೆ ನಿಂತು ಇಂಥ ಮನೆ ಕಟ್ಟಿಸಿದ್ದು ಆ ದೇಶದಲ್ಲೇ ಮೊದಲು. ಮೂರು ನಾಲ್ಕು ವರ್ಷದಲ್ಲಿ ನಿವಾಸಿಗಳೆಲ್ಲ ಮನೆ ತಮ್ಮ ಹೆಸರಿಗೇ ಆಗಬೇಕೆಂದು ಹಟ ಹಿಡಿದು ಕೊಂಡುಕೊಂಡರು, ಸಹಕಾರಿ ಮುಗಿಯಿತು. ಸ್ವಂತ ಮನೆಯ ಆಸೆ ಮಿಲ್ವಾಕೀಯಲ್ಲೂ ಒಂದೇ, ಮಲೆನಾಡಿನಲ್ಲೂ ಒಂದೇ! ವಿದ್ಯುತ್ತು ಮತ್ತು ಟ್ರಾಮುಗಳನ್ನು ಕಂಪೆನಿಯಿಂದ ಬಿಡಿಸಿ ನಗರದ್ದಾಗಿ ಮಾಡಬೇಕೆಂಬುದು ಹೋನ್ ಅವರ ಜೀವಮಾನದ ಆಸೆ. ಅದು ಕೊನೆಗೂ ಕೈಗೂಡಲಿಲ್ಲ.

ಹೊರಗಿನವರಿಗಿಂತ ಒಳಗಿನವರೇ ಹೆಚ್ಚು ಹಂಗಿಸಿದರು. ಮಿಲ್ವಾಕೀಯವರು ತಮ್ಮ ಒಳಚರಂಡಿಯ ಬಗ್ಗೆಯೇ ಕೊಚ್ಚಿಕೊಳ್ಳುತ್ತಾರೆ, ಕ್ರಾಂತಿಯ ಮಾತೇ ಇಲ್ಲ ಎಂದು ನ್ಯೂಯಾರ್ಕಿನ ಸಮಾಜವಾದಿ ನಾಯಕ ಮಾರಿಸ್ ಹಿಲ್ಕ್ವಿಟ್ 1932ರ ಪಕ್ಷದ ಅಧಿವೇಶನದಲ್ಲಿ ಮೂದಲಿಸಿದ್ದರಿಂದ 'ಚರಂಡಿ ಸಮಾಜವಾದ' ಎಂಬ ಅಡ್ಡಹೆಸರು ಅಂಟಿತಂತೆ. ಅವರು ಅದನ್ನು ಬಿರುದಿನ ಹಾಗೆ ಇಟ್ಟುಕೊಂಡರು.

ಇಲ್ಲಿ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕುಳಿತೆ. ಅಪ್ಪಯ್ಯ ಆ ಅಧಿವೇಶನದಲ್ಲಿ ಇದ್ದಿದ್ದರೆ ಹಿಲ್ಕ್ವಿಟ್ ಪಕ್ಕದಲ್ಲೇ ಕೂರುತ್ತಿದ್ದರು. ಅಮ್ಮ ಇದ್ದಿದ್ದರೆ ಕೊಡ ಎತ್ತಿಕೊಂಡು ಹೋನ್ ಪಕ್ಕಕ್ಕೆ ಹೋಗುತ್ತಿದ್ದಳು. ನಾನು ಯಾವ ಕಡೆ? ಇಷ್ಟು ವರ್ಷ ಅಮ್ಮನ ಕಡೆ ಎಂದೇ ತಿಳಿದಿದ್ದೆ. ಆದರೆ ನಮ್ಮ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವ ಗೆಳತಿಯೊಬ್ಬರಿದ್ದಾರೆ. ಅವರ ಅಜ್ಜ ಗೇಣಿದಾರ, ಒಡೆಯರ ಮನೆಯ ಅಂಗಳದಲ್ಲಿ ಕೈಕಟ್ಟಿ ನಿಂತವರು. 1974ರಿಂದ ಜಾರಿಗೆ ಬಂದ ಭೂಸುಧಾರಣೆಯಲ್ಲಿ ಗದ್ದೆ ಅವರದಾಯಿತು, ಆ ಗದ್ದೆಯ ಭತ್ತ ಮಾರಿ ಮೊಮ್ಮಗಳನ್ನು ಓದಿಸಿದರು. "ನಿಮ್ಮ ಅಪ್ಪಯ್ಯನಂಥವರು ಬೀದಿಗೆ ಇಳಿಯದೇ ಇದ್ದಿದ್ರೆ ನಾನು ಈ ಸ್ಟಾಫ್ ರೂಮಲ್ಲಿ ಕೂರ್ತಿರಲಿಲ್ಲ ಮೇಡಂ" ಎಂದು ಅವರು ಒಮ್ಮೆ ಹೇಳಿದ್ದರು. ಆಗ ನಾನು ನಕ್ಕು ಸುಮ್ಮನಾಗಿದ್ದೆ. ಆ ಪರದೇಶದ ಗ್ರಂಥಾಲಯದಲ್ಲಿ ಕುಳಿತಾಗ ಆ ಮಾತಿನ ತೂಕ ತಿಳಿಯಿತು. ನಮ್ಮ ಮನೆಗೆ ನೀರು ತರಲಾಗದ ಅಪ್ಪಯ್ಯ ಇನ್ನೊಬ್ಬರ ಮನೆಗೆ ಅನ್ನ ತಂದಿದ್ದರು. ನನ್ನ ಸಿಟ್ಟು ಪೂರ್ತಿ ಹೋಯಿತೆಂದು ಹೇಳಲಾರೆ. ಅರ್ಧ ಹೋಯಿತು.

ಹೋನ್ ಅವರ ಕೊನೆಯ ವರ್ಷಗಳು ಸುಲಭವಾಗಿರಲಿಲ್ಲ. 1929ರ ನಂತರದ ಆರ್ಥಿಕ ಕುಸಿತದಲ್ಲಿ ಕಾರ್ಖಾನೆಗಳು ಮುಚ್ಚಿ ತೆರಿಗೆ ಬರದಾಯಿತು. ನೌಕರರ ಸಂಬಳದ ಒಂದು ಭಾಗವನ್ನು ನಗರವೇ ಅಚ್ಚು ಹಾಕಿಸಿದ ಚಿಕ್ಕ ಬಾಂಡುಗಳಲ್ಲಿ ಕೊಡಬೇಕಾಯಿತು. ಆದರೂ 1923ರಲ್ಲೇ ಸಾಲ ತೀರಿಸಲೆಂದು ಹುಂಡಿಯ ಹಾಗೆ ಒಂದು ನಿಧಿ ಮಾಡಿಟ್ಟಿದ್ದರು. ಅದರ ಫಲವಾಗಿ 1943ರಲ್ಲಿ ಊರು ಸಾಲದಿಂದ ಬಿಡುಗಡೆಯಾಯಿತು. ಆ ಹೊತ್ತಿಗೆ ಅವರು ಕುರ್ಚಿಯಲ್ಲಿರಲಿಲ್ಲ. 1940ರ ಚುನಾವಣೆಯಲ್ಲಿ ಕಾರ್ಲ್ ಝೈಡ್ಲರ್ ಎಂಬ ಚೆಲುವ ತರುಣ, ಸಭೆಗಳಲ್ಲಿ ಹಾಡು ಹಾಡಿ ಜನರನ್ನು ಮರುಳು ಮಾಡಿ, ಅವರನ್ನು ಸೋಲಿಸಿದ. ಇಪ್ಪತ್ತನಾಲ್ಕು ವರ್ಷ ಒಂದೇ ಕೈಯ ಸಾರು ತಿಂದವರಿಗೆ ರುಚಿ ಬದಲಾಗಬೇಕೆನಿಸಿತೋ ಏನೋ. ಪಾಪ, ಆ ತರುಣ ಎರಡನೆಯ ಮಹಾಯುದ್ಧದಲ್ಲಿ ನೌಕಾಪಡೆ ಸೇರಿ 1942ರಲ್ಲಿ ಸಮುದ್ರದಲ್ಲಿ ಕಾಣೆಯಾದ. ವಿಚಿತ್ರವೆಂದರೆ ಅವನ ತಮ್ಮ ಫ್ರಾಂಕ್ ಝೈಡ್ಲರ್ ಸಮಾಜವಾದಿ! 1948ರಿಂದ 1960ರವರೆಗೆ ಅದೇ ಊರಿನ ಮೇಯರ್ ಆಗಿದ್ದರು. ಹೋನ್ ಆಮೇಲೆ ಸಮಾಜವಾದಿ ಪಕ್ಷ ಬಿಟ್ಟು ಡೆಮಾಕ್ರಟಿಕ್ ಪಕ್ಷ ಸೇರಿ, ರಾಜ್ಯದ ಗವರ್ನರ್ ಹುದ್ದೆಗೆ ನಿಂತು ಸೋತರು. 1961ರಲ್ಲಿ ತೀರಿಕೊಂಡರು.

ಇಷ್ಟೆಲ್ಲ ಆದ ಊರಿನಲ್ಲಿ, 1993ರ ಏಪ್ರಿಲಿನಲ್ಲಿ ನಲ್ಲಿಯ ನೀರಿಗೆ ಒಂದು ಪರೋಪಜೀವಿ ಸೇರಿ ಸುಮಾರು 4 ಲಕ್ಷ ಜನ ವಾಂತಿಭೇದಿಯಿಂದ ಮಲಗಿದರು, ಹಲವರು ಸತ್ತರು. ಪಕ್ಕದ ಮನೆಯ ಅಜ್ಜಿ ಆ ದಿನಗಳನ್ನು ನೆನೆಸಿಕೊಂಡು, ಮನೆಮನೆಯಲ್ಲಿ ನೀರು ಕುದಿಸಿದ್ದನ್ನು ಹೇಳಿದರು. ಸೋಸುವ ಸ್ಥಾವರ ಕಟ್ಟಿ ಕೈತೊಳೆದುಕೊಂಡರೆ ಆಗುವುದಿಲ್ಲ, ದಿನವೂ ನೋಡುತ್ತಿರಬೇಕು. ನಿನ್ನೆ ಪಾತ್ರೆ ತೊಳೆದಿದ್ದೇನೆಂದು ಇವತ್ತು ಬಿಡಲಾಗುತ್ತದೆಯೇ?

ಹೊರಡುವ ಮುನ್ನಾದಿನ ಅಳಿಯಂದಿರು ನನ್ನನ್ನು ಹೋನ್ ಸೇತುವೆಯ ಮೇಲೆ ಕರೆದುಕೊಂಡು ಹೋದರು. ಬಂದರಿನ ಮೇಲೆ ಬಿಲ್ಲಿನ ಹಾಗೆ ಎದ್ದ ಸೇತುವೆ. ಅದಕ್ಕೂ ಒಂದು ಕಥೆ. ನಡುವಿನ ಕಮಾನು ಕಟ್ಟಿ ಮುಗಿದರೂ ಎರಡು ಕಡೆಯ ರಸ್ತೆ ಸೇರಿಸದೆ ವರ್ಷಗಟ್ಟಲೆ ಹಾಗೇ ನಿಂತಿತ್ತು, 1977ರಲ್ಲಷ್ಟೇ ಸಂಚಾರಕ್ಕೆ ತೆರೆದರು. ಕಾರಿನ ಗಾಜು ಇಳಿಸಿದೆ. ಕೆಳಗೆ ಜೋನ್ಸ್ ಐಲೆಂಡಿನ ಚಿಮಣಿಗಳು, ಅದೇ ವಾಸನೆ. ಮೇಲೆ ಮೇಯರ್ ಹೆಸರು, ಕೆಳಗೆ ಊರಿನ ಚರಂಡಿ. ಈ ಸಲ ನಾನು ಮೂಗು ಮುಚ್ಚಿಕೊಳ್ಳಲಿಲ್ಲ.

ಜೂನಿನಲ್ಲಿ ಶಾಲೆಗೆ ಹಾಜರಾದೆ. ಎಂಟನೆಯ ತರಗತಿಯ ಮಕ್ಕಳಿಗೆ ಸ್ಥಳೀಯ ಆಡಳಿತದ ಬಗ್ಗೆ ಹೇಳುವುದಿತ್ತು. ಇಷ್ಟು ವರ್ಷ ಸದಸ್ಯರ ಅರ್ಹತೆ, ಆದಾಯದ ಮೂಲಗಳು ಎಂದು ಬರೆಸಿ ಮುಗಿಸುತ್ತಿದ್ದೆ. ಈ ಸಲ, "ನಿಮ್ಮ ಮನೆ ನಲ್ಲಿಯ ನೀರು ಎಲ್ಲಿಂದ, ಯಾವ ದಾರಿಯಲ್ಲಿ ಬರುತ್ತೆ ನೋಡಿಕೊಂಡು ಬಂದು ಚಿತ್ರ ಬರೆಯಿರಿ" ಎಂದೆ. ಮೂರನೆಯ ದಿನ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ನಕ್ಷೆ ತಂದಳು. ನಾನು ಹುಟ್ಟಿ ಬೆಳೆದ ಬೀದಿಯ ಹಿಂದಿನ ಬೀದಿ. ನೀಲಿ ಗೆರೆಯೊಂದು ಕಪ್ಪು ಗೆರೆಯೊಳಗೆ ಹೋಗಿ ಹೊರಗೆ ಬಂದಿತ್ತು.

"ಮಿಸ್, ಪೈಪು ಚರಂಡಿ ಒಳಗೇ ಇದೆ. ಬಟ್ಟೆ ಸುತ್ತಿದ್ದಾರೆ," ಎಂದಳು.

ಮಕ್ಕಳ ಕೈಯಲ್ಲೇ ಅರ್ಜಿ ಬರೆಸಿದೆವು. ನಕ್ಷೆ ಲಗತ್ತಿಸಿದೆವು. ಆ ಬೀದಿಯ ಹೆಂಗಸರು ಮೂವತ್ತೊಂದು ಜನ ಸಹಿ ಹಾಕಿದರು, ಇಬ್ಬರು ಹೆಬ್ಬೆಟ್ಟು ಒತ್ತಿದರು. ಪೈಪು ಬದಲಾಯಿಸಲು ಒಂದು ವರ್ಷ, ಎರಡು ತಿಂಗಳು ಹಿಡಿಯಿತು. ನಾನೂ ಗೆಳತಿಯೂ ಎಷ್ಟು ಸಲ ಕಚೇರಿಯ ಮೆಟ್ಟಿಲು ಹತ್ತಿದೆವೋ ಲೆಕ್ಕವಿಲ್ಲ. ಬದಲಾದದ್ದು ಆ ಒಂದು ಬೀದಿಯದು ಮಾತ್ರ. ಮುಂದಿನ ಬೀದಿಯ ನಕ್ಷೆ ಈಗ ಸಿದ್ಧವಾಗುತ್ತಿದೆ.

ಹೊಸ ಪೈಪಿನಲ್ಲಿ ನೀರು ಬಂದ ದಿನ ಆ ಹುಡುಗಿಯ ತಾಯಿ ನನ್ನನ್ನು ಕರೆದು ಒಂದು ಲೋಟ ನೀರು ಕೊಟ್ಟರು. ಕುಡಿದೆ. ಅಪ್ಪಯ್ಯನನ್ನೂ ಅಮ್ಮನನ್ನೂ ಇಬ್ಬರನ್ನೂ ಅಲ್ಲಿಗೆ ಕರೆತಂದು ಕುಡಿಸಬೇಕು ಅನ್ನಿಸಿತು.